ಮೂರು ಮಿಲಿಮೀಟರ್

ಭೋಸರಿಯ ಜೆ ಬ್ಲಾಕಿನಲ್ಲಿ, ರಬ್ಬರ್ ಕಾರ್ಖಾನೆಯ ಹಿಂದೆ
ನಾಲ್ಕು ಯಂತ್ರಗಳ ನಮ್ಮ ಶೆಡ್ಡು.
ಇಲ್ಲಿ ಕುಲುಮೆ ಇಲ್ಲ, ತಿದಿ ಇಲ್ಲ, ಇದ್ದಿಲಿಲ್ಲ.
ತಾಮ್ರದ ಒಂದು ಬಳೆ, ಅದರೊಳಗೆ ಹರಿಯುವ ನೀರು,
ಬಳೆಯ ನಡುವೆ, ಎಲ್ಲೂ ತಾಗದೆ ನಿಂತ ಶಾಫ್ಟು.

ಸ್ವಿಚ್ಚು ಒತ್ತಿದರೆ ಜೀರುಂಡೆಯಂಥ ಒಂದು ಸದ್ದು.
ಒಂದು, ಎರಡು,
ಮೂರು ಅನ್ನುವಷ್ಟರಲ್ಲಿ ಉಕ್ಕಿನ ಮೈಗೆ
ಕಳಿತ ಹಾಗಲಹಣ್ಣಿನ ಬಣ್ಣ.
ಆಮೇಲೆ ಚೀರುವ ನೀರು. ಆವಿ. ಕಪ್ಪು.
ಸುತ್ತ ಇದ್ದ ಬಳೆ ಮಾತ್ರ ತಣ್ಣಗೆ,
ಎರಡು ಮನೆಗೆ ಜಗಳ ಹಚ್ಚಿ
ತನ್ನ ಕಟ್ಟೆಗೆ ಬಂದು ಕೂತವರ ಹಾಗೆ.

ಹತ್ತಿರ ಹೋಗುವವರು ಉಂಗುರ, ಕಡಗ ತೆಗೆದಿಡಬೇಕು.
ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬರೆದಿದೆ, ಕನ್ನಡದಲ್ಲಿಲ್ಲ.
ನನ್ನ ಗಾಜಿನ ಬಳೆಗಳಿಗೆ ಆ ಭಯವಿಲ್ಲ.
ಬೂಟಿನೊಳಗಿನ ಕಾಲುಂಗುರ ಬಿಸಿಯಾಯಿತೇ ಎಂದು
ಮೊದಲ ವಾರವೆಲ್ಲ ಬೆರಳು ಮಡಿಸಿ ನೋಡಿಕೊಂಡೆ.

ನನ್ನ ಕೆಲಸ ಕೊಯ್ಯುವುದು.
ಇನ್ನೂರಕ್ಕೆ ಒಂದರಂತೆ ಆರಿಸಿ, ಅಡ್ಡಕ್ಕೆ ಕೊಯ್ದು,
ಮುಖ ಕಾಣುವವರೆಗೆ ತಿಕ್ಕಿ, ಆಸಿಡ್ ಹಚ್ಚಿ ಕಾಯುತ್ತೇನೆ.
ಅಂಚಿಗೆ ಒಂದು ಉಂಗುರ ಮೂಡುತ್ತದೆ, ಬೇರೆಯದೇ ಬೂದು.
ಮೂರು ಮಿಲಿಮೀಟರ್. ಗಟ್ಟಿ ಇರುವುದು ಅಷ್ಟೇ.
ಅಲ್ಲಿ ವಜ್ರದ ಮೊನೆ ಒತ್ತಿದರೆ ಮುಳ್ಳು ಐವತ್ತೇಳಕ್ಕೆ ನಿಲ್ಲುತ್ತದೆ.
ಒಳಗಿನದೆಲ್ಲ ಲೇಥಿನಿಂದ ಇಳಿದ ದಿನದ ಹಾಗೇ ಮೆತ್ತಗೆ.
ಚೆನ್ನಾಗಿದೆ ಎಂದು ಬರೆಯುತ್ತೇನೆ.
ಚೆನ್ನಾಗಿದ್ದದ್ದು ಅಷ್ಟರಲ್ಲಿ ಗುಜರಿ.

ಬಳೆ ಬಗ್ಗಿಸುವವನು ದಗಡು ಕುದಳೆ.
ತಾಮ್ರದ ಕೊಳವೆಗೆ ಮರಳು ತುಂಬಿ ಮೊಣಕಾಲ ಮೇಲೆ ಬಗ್ಗಿಸುತ್ತಾನೆ.
ಶಾಫ್ಟಿಗೂ ಬಳೆಗೂ ನಡುವಿನ ಸಂದು ಅಳೆಯಲು
ಮಡಚಿ ಮಡಚಿ ದಪ್ಪ ಮಾಡಿದ ಬಸ್ ಟಿಕೀಟು.
ಗೇಜು ಕೊಟ್ಟರೆ ಅದರಿಂದ ಹಲ್ಲು ಚುಚ್ಚಿಕೊಳ್ಳುತ್ತಾನೆ.

ಜನವರಿಯ ಒಂದು ರಾತ್ರಿಪಾಳಿಯಲ್ಲಿ
ಮುನ್ನೂರ ಹನ್ನೆರಡು ಶಾಫ್ಟು ಬಿರಿದವು, ಕೂದಲೆಳೆಯಷ್ಟು.
ಬಳೆಯದೇ ತಪ್ಪು ಅಂದ ಇನ್‌ಚಾರ್ಜು.
ದಗಡು ತುಟಿ ಬಿಚ್ಚಲಿಲ್ಲ.
ನಾನು ಒಲೆಯ ಚಾರ್ಟು ತೆಗೆದು ನೋಡಿದೆ.
ನೂರಾ ಎಂಬತ್ತು ಡಿಗ್ರಿಯಲ್ಲಿ ಒಂದೂವರೆ ತಾಸು
ಮಲಗಿ ಬಿಗಿ ಬಿಡಬೇಕಿತ್ತು ಅವು.
ಗೆರೆ ನಲವತ್ತು ನಿಮಿಷಕ್ಕೇ ಕೆಳಗೆ ಬಿದ್ದಿತ್ತು.
ಹೊರಗೆ ಲಾರಿ ಕಾಯುತ್ತಿತ್ತಂತೆ.

ಚಹಾದ ಹೊತ್ತಿಗೆ ಕೇಳಿದೆ, ಯಾಕೆ ಸುಮ್ಮನಿದ್ದೆ?
ಹೆಸರೇ ದಗಡು ಅಲ್ಲವೇ, ಅಂದ.
ನನಗಿಂತ ಮೊದಲು ನಾಲ್ಕು ಹುಟ್ಟಿ ಹೋದವು.
ಅಜ್ಜಿ ನನ್ನನ್ನು ಕಲ್ಲು ಅಂತ ಕೂಗಿದಳು,
ಕಲ್ಲನ್ನು ಯಮ ಯಾಕೆ ಹೊರುತ್ತಾನೆ?

ನಾನು ಗ್ಲಾಸು ಕೆಳಗಿಟ್ಟೆ.
ಗೇಟ್‌ಪಾಸಿನಲ್ಲಿ ನಾನು ಕಲ್ಪನಾ.
ಇಂಡಿಯ ಹತ್ತಿರದ ಒಂದು ಶಾಲೆಯ ಹಾಜರಿಯಲ್ಲಿ ಕಲ್ಲವ್ವ.
ನನಗಿಂತ ಮೊದಲು ಇಬ್ಬರು.
'ಇದೊಂದರೆ ಉಳೀಲಿ' ಅಂತ ಅವ್ವ
ನನ್ನನ್ನು ಮೊರದಾಗ ಹಾಕಿ, ಹಿಡಿ ಜೋಳಕ್ಕೆ ನೆರೆಮನೆಗೆ ಮಾರಿ,
ಮರುಗಳಿಗೆಗೇ ತಿರುಗಿ ಕೊಂಡಿದ್ದಳಂತೆ.

ಪುಣೆಗೆ ಬಂದು ಹನ್ನೊಂದು ವರ್ಷ,
ಆ ಹೆಸರು ಯಾರಿಗೂ ಹೇಳಿರಲಿಲ್ಲ.
ಹೇಳಿದೆ. ಅರ್ಥವನ್ನೂ ಮರಾಠಿಯಲ್ಲಿ ಹೇಳಿದೆ.
ದಗಡು ನಕ್ಕ, ಕೆಮ್ಮಿದ, ಮತ್ತೆ ನಕ್ಕ,
ಹಾಗಾದರೆ ಇಬ್ಬರನ್ನೂ ನಿನ್ನ ಯಂತ್ರದ ಕೆಳಗಿಡು,
ಮುಳ್ಳು ಎಷ್ಟಕ್ಕೆ ನಿಲ್ಲುತ್ತದೋ ನೋಡೋಣ, ಅಂತ ಹೆಬ್ಬೆರಳು ಚಾಚಿದ.
ಉಗುರು ಕಪ್ಪು. ಅದರ ಪಕ್ಕದಲ್ಲೇ
ಸುಟ್ಟು ಹೊಸದಾಗಿ ಬಂದ ಚರ್ಮ, ಕೂಸಿನದರಂತೆ.

ಬಳೆಯ ದೋಷವಲ್ಲ ಎಂದು ಬರೆದು ಚಾರ್ಟು ಲಗತ್ತಿಸಿದೆ.
ಇನ್‌ಚಾರ್ಜು ಈಗ ನನ್ನ ಜೊತೆ ಮಾತಾಡುವುದಿಲ್ಲ.

ಬುಧವಾರ ಸಂಜೆ. ನಾಳೆ ಗುರುವಾರ, ವಾರದ ರಜೆ.
ಆ ಬಿರಿದ ಸರಕಿನಿಂದ ಕೊಯ್ದ ಒಂದು ಬಿಲ್ಲೆ
ಊಟದ ಡಬ್ಬಿಯ ಕೆಳಗೆ ನನ್ನ ಚೀಲದಲ್ಲಿತ್ತು.
ಬಿರುಕು ಹೊರಗಿನಿಂದ ಬಂದು
ಉಂಗುರದ ಒಳ ಅಂಚಿಗೆ ನಿಂತಿದೆ ಅದರಲ್ಲಿ,
ಮೆತ್ತಗಿದ್ದದ್ದು ಅದನ್ನು ಒಳಗೆ ಬಿಟ್ಟುಕೊಂಡಿಲ್ಲ.

ಗೇಟಿನವನು ಅಂಗೈಯಲ್ಲಿ ತೂಗಿ ಕೇಳಿದ, ಇದೇನು ಮ್ಯಾಡಮ್?
ದಗಡ, ಅಂದೆ.
ಬಿಟ್ಟ.